ಶಾರ್ಕ್ ಉಳಿಸಲು ಹೊರಟ ಹುಡುಗ ಹುಡುಗಿಯರು ಏನು ಕೇಳಬೇಕು, ಯಾರನ್ನು ಕೇಳಬೇಕು?

ಪ್ರಶ್ನೆ: ನಾನು ಉಡುಪಿ ಜಿಲ್ಲೆಯ ಕಾಲೇಜೊಂದರಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಶಾರ್ಕ್ ಉಳಿಸಿ ಅಂತ ಬೇರೆ ದೇಶಗಳ ಯುವಕರು ಹೋರಾಡುವ ವಿಡಿಯೊಗಳನ್ನು ನೋಡಿ, ನಮ್ಮ ಇಕೋ ಕ್ಲಬ್‌ನಿಂದಲೂ ಏನಾದರೂ ಮಾಡೋಣ ಅಂದುಕೊಂಡಿದ್ದೇವೆ. ಆದರೆ ಕ್ಲಬ್‌ನ ಅರ್ಧ ಜನ ಮೀನುಗಾರರ ಮನೆಯವರೇ. ನಮ್ಮ ಮನೆಗಳಲ್ಲಿ ತಾಟೆ (ಶಾರ್ಕ್) ಸಾರು ಮಾಡುತ್ತಾರೆ. 'ನಿಮ್ಮ ಪೋಸ್ಟರ್‌ನಿಂದ ಯಾವ ಶಾರ್ಕ್ ಉಳಿಯುತ್ತೆ?' ಎಂದು ನನ್ನ ಮಾವನೇ ಕೇಳಿದರು. ಹುಡುಗರ ಅಭಿಯಾನದಿಂದ ಎಲ್ಲಾದರೂ ನಿಜವಾಗಿ ಏನಾದರೂ ಬದಲಾಗಿದೆಯಾ? ನಾವು ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ಮಾವ ಕೇಳಿದ್ದು ಸರಿಯಾದ ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಸಾಧ್ಯವಾದರೆ ಕ್ಲಬ್‌ನ ಮೊದಲ ಸಭೆಗೆ ಅವರನ್ನೇ ಕರೆಯಿರಿ.

ಬದಲಾಗಿದೆಯಾ ಎಂದರೆ, ಖಂಡಿತ ಬದಲಾಗಿದೆ. ಕಾನೂನುಗಳೇ ಬಂದಿವೆ. ಆದರೆ ಕಾನೂನು ಬಂದ ಕಡೆಯೆಲ್ಲ ಶಾರ್ಕ್‌ಗಳ ಸಾವು ಕಡಿಮೆಯಾಗಿಲ್ಲ. ಯಾವ ಕೆಲಸದಿಂದ ಬಲೆಗೆ ಬೀಳುವ ಶಾರ್ಕ್ ಕಡಿಮೆಯಾಗುತ್ತದೆ, ಯಾವುದರಿಂದ ಆಗುವುದಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತಿದ್ದರೆ ಒಳ್ಳೆಯದು.

ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಿಂದ ಶುರು ಮಾಡೋಣ. ಅಮೆರಿಕದ ಆಡಳಿತಕ್ಕೆ ಸೇರಿದ ಉತ್ತರ ಮರಿಯಾನಾ ದ್ವೀಪಗಳಲ್ಲಿ ಅದು ದೊಡ್ಡದು. ಕೆನಡಾದ ರಾಬ್ ಸ್ಟೀವರ್ಟ್ ಎಂಬ ಯುವಕ 22ನೇ ವಯಸ್ಸಿನಲ್ಲಿ ಶುರು ಮಾಡಿ 2006ರಲ್ಲಿ ಮುಗಿಸಿದ ಸಾಕ್ಷ್ಯಚಿತ್ರವೊಂದನ್ನು ಅಲ್ಲಿನ ಶಾಲಾ ಮಕ್ಕಳು ನೋಡಿದರು. ಶಾರ್ಕ್ ಹಿಡಿದು, ಈಜುರೆಕ್ಕೆಗಳನ್ನಷ್ಟೇ ಕೊಯ್ದು, ಜೀವ ಇರುವಾಗಲೇ ದೇಹವನ್ನು ಸಮುದ್ರಕ್ಕೆ ಎಸೆಯುವ ದೃಶ್ಯಗಳು ಅದರಲ್ಲಿವೆ. ರೆಕ್ಕೆ ಸೂಪ್‌ಗೆ ಹೋಗುತ್ತದೆ, ಅದಕ್ಕೆ ಭಾರಿ ಬೆಲೆ. ಮಾಂಸಕ್ಕೆ ಅಷ್ಟು ಬೆಲೆ ಇಲ್ಲ, ದೋಣಿಯಲ್ಲಿ ಜಾಗವನ್ನೂ ತಿನ್ನುತ್ತದೆ, ಹಾಗಾಗಿ ಎಸೆಯುತ್ತಾರೆ. ಮಕ್ಕಳಿಗೆ ಸಿಟ್ಟು ಬಂತು. ಆ ಹೊತ್ತಿಗೆ ಅಲ್ಲಿನ ಶಾಸನಸಭೆಯಲ್ಲಿ ಶಾರ್ಕ್ ರೆಕ್ಕೆ ನಿಷೇಧದ ಮಸೂದೆ ಇತ್ತು. ಅದನ್ನು ಪಾಸ್ ಮಾಡಿ ಎಂದು ಅವರು ಶಾಸಕರಿಗೆ ಪತ್ರ ಬರೆದರು. 2011ರ ಜನವರಿಯಲ್ಲಿ ಗವರ್ನರ್ ಸಹಿ ಹಾಕಿದರು. ಮಾರ್ಚ್‌ನಲ್ಲಿ ಪಕ್ಕದ ಗುವಾಮ್ ದ್ವೀಪದಲ್ಲೂ ಅಂಥದೇ ಕಾನೂನು ಬಂತು. ಹವಾಯಿ ಇವೆರಡಕ್ಕೂ ಮೊದಲು, 2010ರಲ್ಲೇ ಆ ಕೆಲಸ ಮಾಡಿತ್ತು.

ಮಕ್ಕಳು ಮುದ್ದಾಗಿ ಪತ್ರ ಬರೆದರು ಅಂತ ಮಾತ್ರ ಇದು ಗೆದ್ದಿದ್ದಲ್ಲ. ಅವರು ಕೇಳಿದ್ದು ಒಂದೇ ವಿಷಯ. ಕೇಳಿದ್ದೂ ಅದನ್ನು ಕೊಡಲು ಅಧಿಕಾರ ಇದ್ದವರನ್ನು.

ಇದು ಎಷ್ಟು ಮುಖ್ಯ ಎಂಬುದು ಕೆನಡಾದಲ್ಲಿ ಆಮೇಲೆ ಗೊತ್ತಾಯಿತು. ಸ್ಟೀವರ್ಟ್ ಚಿತ್ರ ನೋಡಿದ ಸಾವಿರಾರು ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ನಗರಸಭೆಗಳ ಬೆನ್ನು ಹತ್ತಿದರು. 2011ರಲ್ಲಿ ಟೊರೊಂಟೊ ನಗರವೇ ಶಾರ್ಕ್ ರೆಕ್ಕೆ ಮಾರಾಟ ನಿಷೇಧಿಸಿತು. ಸಂಭ್ರಮವೋ ಸಂಭ್ರಮ. ಮರುವರ್ಷವೇ ಕೋರ್ಟ್ ಅದನ್ನು ಹೊಡೆದುಹಾಕಿತು. ಅಂಥ ನಿಷೇಧ ಹೇರುವ ಅಧಿಕಾರ ನಗರಸಭೆಗೆ ಇಲ್ಲ ಎಂದಿತು. ಹುಡುಗರು ಸುಮ್ಮನಾಗಲಿಲ್ಲ, ಗುರಿಯನ್ನು ದೇಶದ ಸಂಸತ್ತಿನ ಕಡೆ ತಿರುಗಿಸಿದರು. 2017ರ ಜನವರಿಯಲ್ಲಿ ಫ್ಲೋರಿಡಾ ಬಳಿ ಡೈವ್ ಮಾಡುವಾಗ ಸ್ಟೀವರ್ಟ್ ತೀರಿಕೊಂಡರು. ಆಗ ಅವರ ವಯಸ್ಸು ಬರೀ 37. ಅವರ ಅಪ್ಪ ಅಮ್ಮ, ಅವರ ಚಿತ್ರ ನೋಡಿ ಬೆಳೆದವರು ಕೆಲಸ ಮುಂದುವರಿಸಿದರು. 2019ರ ಜೂನ್‌ನಲ್ಲಿ ಕೆನಡಾ ಶಾರ್ಕ್ ರೆಕ್ಕೆಗಳ ಆಮದು ರಫ್ತು ಎರಡನ್ನೂ ನಿಲ್ಲಿಸಿತು. ಜಿ7 ಎಂಬ ಏಳು ಶ್ರೀಮಂತ ದೇಶಗಳ ಕೂಟದಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ಚಿತ್ರ ಬಂದು 13 ವರ್ಷ ಆಗಿತ್ತು. ಒಂದು ಸೆಮಿಸ್ಟರ್‌ನಲ್ಲಿ ಫಲ ಕಾಣದಿದ್ದರೆ ನಿರಾಶೆ ಬೇಡ ಎಂದು ಈಗಲೇ ಹೇಳಿಬಿಡುತ್ತೇನೆ.

ಇನ್ನು ಕಹಿ ವಿಷಯ. ಇಷ್ಟೆಲ್ಲ ಕಾನೂನು ಬಂದರೂ ಸಾಯುವ ಶಾರ್ಕ್‌ಗಳ ಲೆಕ್ಕ ಇಳಿದಿಲ್ಲ. 2024ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ವಿಜ್ಞಾನಿ ಬೋರಿಸ್ ವರ್ಮ್ ಮತ್ತು ಜೊತೆಗಾರರ ಅಧ್ಯಯನ ಪ್ರಕಟವಾಯಿತು. ಮೀನುಗಾರಿಕೆಯಿಂದ ಸಾಯುವ ಶಾರ್ಕ್‌ಗಳು 2012ರಲ್ಲಿ ಸುಮಾರು 7.6 ಕೋಟಿ ಇದ್ದದ್ದು 2019ರ ಹೊತ್ತಿಗೆ ಸುಮಾರು 8 ಕೋಟಿ ಆಗಿತ್ತು. ರೆಕ್ಕೆ ಕೊಯ್ದು ಎಸೆಯುವುದನ್ನು ತಡೆಯುವ ನಿಯಮಗಳು ಹತ್ತು ಪಟ್ಟು ಹೆಚ್ಚಾದ ಕಾಲದಲ್ಲೇ ಹೀಗಾಯಿತು! ಕಾರಣ ಕಷ್ಟದ್ದೇನಲ್ಲ. ರೆಕ್ಕೆಯಷ್ಟೇ ತರಬೇಡಿ, ಇಡೀ ಮೀನು ತನ್ನಿ ಎಂದರೆ ಇಡೀ ಮೀನೇ ದಡಕ್ಕೆ ಬರುತ್ತದೆ. ಮಾಂಸಕ್ಕೂ ಮಾರುಕಟ್ಟೆ ಬೆಳೆಯುತ್ತದೆ. ಕ್ರೌರ್ಯ ನಿಂತಿತು, ಅದು ಸಣ್ಣ ಮಾತಲ್ಲ. ಆದರೆ ಹಿಡಿಯುವುದು ನಿಲ್ಲಲಿಲ್ಲ. ಶಾರ್ಕ್ ಹಿಡಿಯುವುದನ್ನೇ ನಿಲ್ಲಿಸಿದ ಅಥವಾ ಹಿಡಿಯುವುದಕ್ಕೆ ಬಿಗಿ ಲೆಕ್ಕ ಇಟ್ಟ ಕಡೆ ಮಾತ್ರ ಸಾವು ಇಳಿದಿದೆ. ಲಕ್ಷದ್ವೀಪದ ದಕ್ಷಿಣಕ್ಕಿರುವ ಮಾಲ್ಡೀವ್ಸ್ 2010ರಲ್ಲಿ ತನ್ನ ನೀರಿನಲ್ಲಿ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿತು. ಅಲ್ಲಿ ಜೀವಂತ ಶಾರ್ಕ್ ನೋಡಲು ಬರುವ ಡೈವರ್‌ಗಳಿಂದಲೇ ದುಡ್ಡು ಬರುತ್ತದೆ.

ಹಿಡಿಯುವುದರಿಂದ ಶಾರ್ಕ್‌ಗೆ ಮಾತ್ರ ಇಷ್ಟು ತೊಂದರೆ ಏಕೆ ಎಂದು ನಿಮ್ಮ ಕ್ಲಬ್‌ನವರು ಕೇಳಬಹುದು. ಬೂತಾಯಿ, ಬಂಗುಡೆ ಹಿಡಿಯಲ್ವಾ? ಹಿಡಿಯುತ್ತೇವೆ. ಆದರೆ ಬೂತಾಯಿ ಒಂದು ವರ್ಷದೊಳಗೆ ಬೆಳೆದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಹೆಚ್ಚಿನ ಶಾರ್ಕ್‌ಗಳು ಮರಿ ಹಾಕುವ ಮೀನುಗಳು. ಬಸಿರು ಹತ್ತು ಹನ್ನೆರಡು ತಿಂಗಳು. ಎಷ್ಟೋ ಜಾತಿಗಳಲ್ಲಿ ಹೆಣ್ಣು ಮೊದಲ ಸಲ ಬಸಿರಾಗುವುದೇ ಹತ್ತು ವರ್ಷ ದಾಟಿದ ಮೇಲೆ. ಒಂದು ಸಲಕ್ಕೆ ಬೆರಳೆಣಿಕೆಯಷ್ಟು, ಜಾಸ್ತಿ ಅಂದರೆ ಕೆಲವು ಡಜನ್ ಮರಿ. 1970ರಿಂದ ಈಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ತೊರಕೆ (ಚಪ್ಪಟೆ ದೇಹದ ರೇ ಮೀನು) ಜಾತಿಗಳ ಸಂಖ್ಯೆ ಶೇ 71ರಷ್ಟು ಕುಸಿದಿದೆ ಎಂದು 2021ರಲ್ಲಿ 'ನೇಚರ್' ಪತ್ರಿಕೆಯ ಅಧ್ಯಯನ ತೋರಿಸಿತು. ಎಲ್ಲ ಶಾರ್ಕ್, ತೊರಕೆಗಳನ್ನು ಸೇರಿಸಿ ನೋಡಿದರೆ ಮೂರರಲ್ಲಿ ಒಂದಕ್ಕೂ ಹೆಚ್ಚು ಜಾತಿಗಳಿಗೆ ಅಳಿವಿನ ಭಯ ಇದೆ.

ಈಗ ನಮ್ಮ ಕರಾವಳಿಗೆ ಬನ್ನಿ. ನೀವು ವಿಡಿಯೊದಲ್ಲಿ ನೋಡಿದ ಪೋಸ್ಟರ್, ರೆಕ್ಕೆ ಸೂಪ್‌ನ ಬಟ್ಟಲಿನ ಮೇಲೆ ಕೆಂಪು ಅಡ್ಡಗೆರೆ, ಇಲ್ಲಿ ಯಾರಿಗೂ ತಾಗುವುದಿಲ್ಲ. ನಮ್ಮಲ್ಲಿ ಯಾರೂ ಆ ಸೂಪ್ ಕುಡಿಯುವುದಿಲ್ಲ. ರೆಕ್ಕೆ ದೇಹಕ್ಕೆ ಅಂಟಿಕೊಂಡೇ ದಡಕ್ಕೆ ಬರಬೇಕು ಎಂಬ ನಿಯಮ ಭಾರತದಲ್ಲಿ 2013ರಲ್ಲೇ ಬಂತು. 2015ರಲ್ಲಿ ಎಲ್ಲ ಜಾತಿಯ ಶಾರ್ಕ್ ರೆಕ್ಕೆಗಳ ರಫ್ತೂ ನಿಂತಿತು. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಶಾರ್ಕ್ ಹಿಡಿಯುವ ದೇಶಗಳ ಪಟ್ಟಿಯಲ್ಲಿ ಇಂಡೊನೇಷ್ಯಾದ ಜೊತೆ ನಾವೂ ಮೇಲೇ ಇದ್ದೇವೆ. ಹೇಗೆ? ಬೇಕಂತಲೇ ಶಾರ್ಕ್ ಹುಡುಕಿಕೊಂಡು ಹೋಗುವ ದೋಣಿಗಳು ಇಲ್ಲಿ ಕಡಿಮೆ. ಸಿಗಡಿಗೆ, ಬೊಂಡಾಸಕ್ಕೆ, ಅಂಜಲ್‌ಗೆ ಹಾಕಿದ ಬಲೆಗೆ ಶಾರ್ಕ್ ಬೀಳುತ್ತದೆ. ಬಿದ್ದದ್ದನ್ನು ಯಾರೂ ಬಿಸಾಡುವುದಿಲ್ಲ. ಹರಾಜಾಗುತ್ತದೆ, ಒಣಗುತ್ತದೆ, ಸಾರಾಗುತ್ತದೆ. ಗೋವಾ, ತಮಿಳುನಾಡಿನ ಪ್ರವಾಸಿ ಹೋಟೆಲ್‌ಗಳ ಮೆನುವಿಗೂ ಹೋಗುತ್ತದೆ. ಬಲೆಗೆ ಬೀಳುವುದು ಮತ್ತು ಮಾಂಸ, ಇವೆರಡೇ ನಮ್ಮ ಸಮಸ್ಯೆ. ನಿಮ್ಮ ಅಭಿಯಾನದ ಗುರಿಯೂ ಅವೇ ಆಗಬೇಕು.

ಅಂದರೆ ಮೀನುಗಾರರನ್ನು ಬಿಟ್ಟು ನಿಮ್ಮ ಕೆಲಸ ಇಲ್ಲ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡ ಒಬ್ಬ ಹುಡುಗಿ ಆಸ್ಟ್ರೇಲಿಯಾದ ಮ್ಯಾಡಿಸನ್ ಸ್ಟೀವರ್ಟ್. (ರಾಬ್ ಸ್ಟೀವರ್ಟ್‌ಗೂ ಇವರಿಗೂ ಸಂಬಂಧ ಇಲ್ಲ.) 12ನೇ ವಯಸ್ಸಿಗೆ ಡೈವಿಂಗ್ ಕಲಿತು, 14ಕ್ಕೆ ಶಾಲೆ ಬಿಟ್ಟು ಮನೆಯಲ್ಲೇ ಓದುತ್ತ ನೀರಿನೊಳಗೆ ಚಿತ್ರ ತೆಗೆಯಲು ಹೊರಟವರು. ಚಿಕ್ಕಂದಿನಲ್ಲಿ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ನೋಡಿದ ಶಾರ್ಕ್‌ಗಳು ಕಣ್ಣೆದುರೇ ಕಾಣೆಯಾದದ್ದು ಅವರನ್ನು ಹೋರಾಟಕ್ಕೆ ತಳ್ಳಿತು. ಕೆಲವು ವರ್ಷ ಮೀನುಗಾರಿಕೆಯ ವಿರುದ್ಧ ಮಾತಾಡಿದರು, ಚಿತ್ರ ಮಾಡಿದರು. ಆಮೇಲೆ ಇಂಡೊನೇಷ್ಯಾದ ಲೊಂಬೊಕ್ ದ್ವೀಪಕ್ಕೆ ಹೋದರು. ಅಲ್ಲಿನ ತಂಜುಂಗ್ ಲುವಾರ್ ಶಾರ್ಕ್ ಮಾರುಕಟ್ಟೆಗೆ ಹೆಸರಾದ ಬಂದರು. ಅಲ್ಲಿ ಬೋರ್ಡ್ ಹಿಡಿದು ನಿಲ್ಲುವ ಬದಲು ಶಾರ್ಕ್ ಬೇಟೆಗಾರರ ದೋಣಿಗಳನ್ನೇ ಬಾಡಿಗೆಗೆ ತೆಗೆದುಕೊಂಡರು. ಪ್ರವಾಸಿಗರನ್ನು ಸುತ್ತಲಿನ ದ್ವೀಪಗಳಿಗೆ ಕರೆದೊಯ್ಯುವ ಕೆಲಸವನ್ನು ಅವರಿಗೇ ಕೊಟ್ಟರು. 'ಪ್ರಾಜೆಕ್ಟ್ ಹಿಯು' ಎಂದು ಅದರ ಹೆಸರು. ದೋಣಿ ಪ್ರವಾಸಿಗರನ್ನು ಹೊತ್ತು ತಿರುಗುವ ದಿನಗಳಲ್ಲಿ ಶಾರ್ಕ್ ಬೇಟೆಗೆ ಹೋಗುವುದಿಲ್ಲ, ಮೀನುಗಾರನ ಮನೆಗೆ ಸಂಬಳ ಮಾತ್ರ ಹೋಗುತ್ತದೆ. ಇಡೀ ಬಂದರನ್ನು ಇದು ಬದಲಿಸಿದೆ ಎಂದು ನಾನು ಹೇಳುವುದಿಲ್ಲ. ಆದರೆ ಬೈಯುವುದಕ್ಕಿಂತ ಪರ್ಯಾಯ ತೋರಿಸುವುದು ಹೇಗೆ ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದದ್ದು ಗುಜರಾತಿನ ಕತೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ತಿಮಿಂಗಿಲ ಶಾರ್ಕ್ ಜಗತ್ತಿನ ಅತಿ ದೊಡ್ಡ ಮೀನು. ಬಸ್ಸಿಗಿಂತ ಉದ್ದ ಬೆಳೆಯುತ್ತದೆ, ತಿನ್ನುವುದು ಮಾತ್ರ ಪ್ಲವಕ (ನೀರಿನಲ್ಲಿ ತೇಲುವ ಪುಟ್ಟ ಜೀವಿಗಳು), ಸಣ್ಣ ಮೀನು, ಮೀನಿನ ಮೊಟ್ಟೆ. ವೆರಾವಲ್ ಸುತ್ತಿನ ಸೌರಾಷ್ಟ್ರ ತೀರಕ್ಕೆ ಇವು ಬರುತ್ತವೆ. ಹಿಂದೆ ಇದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಆಮೇಲೆ ಮಾಂಸ ಹೊರದೇಶಕ್ಕೆ ಹೋಗತೊಡಗಿತು. ದೊಡ್ಡ ಕೊಕ್ಕೆ ಚುಚ್ಚಿ, ಅದಕ್ಕೆ ಖಾಲಿ ಬ್ಯಾರಲ್ ಕಟ್ಟಿ, ಮೀನು ಸುಸ್ತಾಗಿ ಮೇಲೆ ಬರುವವರೆಗೆ ಕಾಯುತ್ತಿದ್ದರು. ಆ ಮೀನಿಗೇ ಅಲ್ಲಿ 'ಬ್ಯಾರಲ್' ಎಂದು ಹೆಸರು ಬಿದ್ದಿತ್ತು. ವನ್ಯಜೀವಿ ಚಿತ್ರಗಳ ನಿರ್ದೇಶಕ ಮೈಕ್ ಪಾಂಡೆ ಇದನ್ನೆಲ್ಲ ಚಿತ್ರೀಕರಿಸಿ 2000ದಲ್ಲಿ ತೋರಿಸಿದರು. 2001ರಲ್ಲಿ ತಿಮಿಂಗಿಲ ಶಾರ್ಕ್ ವನ್ಯಜೀವಿ ಕಾಯ್ದೆಯ ಮೊದಲನೇ ಪರಿಚ್ಛೇದಕ್ಕೆ ಸೇರಿತು. ಹುಲಿಗೆ ಇರುವ ರಕ್ಷಣೆ ಮೊದಲ ಬಾರಿಗೆ ಒಂದು ಮೀನಿಗೆ ಸಿಕ್ಕಿತು.

ಆದರೆ ದೆಹಲಿಯಲ್ಲಿ ಕಾನೂನಾದ ವಿಷಯ ಮೀನು ಇಳಿಸುವ ದಕ್ಕೆಯಲ್ಲಿ ಯಾರಿಗೆ ಗೊತ್ತು? 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ, ಟಾಟಾ ಕೆಮಿಕಲ್ಸ್ ಸೇರಿ ಅಭಿಯಾನ ಶುರು ಮಾಡಿದಾಗ ಎದುರಾದದ್ದು ಈ ಪ್ರಶ್ನೆ. ರಾಮಕಥೆ ಹೇಳುವ ಮೊರಾರಿ ಬಾಪು ಮುಂದೆ ಬಂದರು. ಈ ಮೀನು ಹೆರಿಗೆಗೆಂದು ತವರಿಗೆ ಬರುವ ಮಗಳ ಹಾಗೆ, ಬಂದ ಮಗಳನ್ನು ಯಾರಾದರೂ ಕೊಲ್ಲುತ್ತಾರಾ ಎಂದು ಕೇಳಿದರು. 'ವ್ಹಾಲಿ', ಅಂದರೆ ಪ್ರೀತಿಯವಳು, ಎಂಬ ಹೆಸರು ಬಂತು. ಶಾಲಾ ಮಕ್ಕಳು ಚಿತ್ರ ಬರೆದರು, ಮೆರವಣಿಗೆ ಮಾಡಿದರು. ಬಸಿರಿ ಮಗಳು ತವರಿಗೆ ಬರುವ ಕತೆಯ ಬೀದಿ ನಾಟಕ ಊರೂರಿಗೆ ಹೋಯಿತು. ಗಾಳಿ ತುಂಬಿದ ನಿಜಗಾತ್ರದ ಶಾರ್ಕ್ ಬೊಂಬೆಯ ಪಕ್ಕ ನಿಂತು ಮಕ್ಕಳು ತಾವು ಎಷ್ಟು ಚಿಕ್ಕವರು ಎಂದು ನೋಡಿಕೊಂಡರು. ಪೋರಬಂದರ್‌ನಂಥ ಊರುಗಳು ಈ ಮೀನನ್ನು ತಮ್ಮ ಊರಿನ ಲಾಂಛನ ಮಾಡಿಕೊಂಡವು. ಕಾರ್ತಿಕ ಅಮಾವಾಸ್ಯೆ ತಿಮಿಂಗಿಲ ಶಾರ್ಕ್ ದಿನವಾಯಿತು.

ಇಷ್ಟೇ ಆಗಿದ್ದರೆ ನಿಮ್ಮ ಮಾವನ ಪ್ರಶ್ನೆ ಅಲ್ಲಿಗೂ ಸಲ್ಲುತ್ತಿತ್ತು. ಬಲೆಗೆ ಬಿದ್ದ ಅಷ್ಟು ದೊಡ್ಡ ಮೀನನ್ನು ಬಿಡಿಸಬೇಕಾದರೆ ಬಲೆಯನ್ನೇ ಕತ್ತರಿಸಬೇಕು. ಬಲೆ ಅಂದರೆ ಸಾವಿರಗಟ್ಟಲೆ ರೂಪಾಯಿ. ಅದಕ್ಕೆ ಸರ್ಕಾರ ಪರಿಹಾರ ಕೊಡುವುದೆಂದಾಯಿತು, ಮೊದಲಿಗೆ 25,000 ರೂಪಾಯಿವರೆಗೆ. ಆದರೂ ತೊಂದರೆ ಇತ್ತು. ಅಧಿಕಾರಿ ಬಂದು ನೋಡುವವರೆಗೆ ಮೀನುಗಾರ ಸಮುದ್ರದ ಮಧ್ಯೆ ಕಾಯಬೇಕು, ಅಷ್ಟರಲ್ಲಿ ಮೀನಿಗೂ ಸುಸ್ತು. ಆಮೇಲೆ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಬಲೆ ಕತ್ತರಿಸಿ ಮೀನು ಬಿಟ್ಟ ಫೋಟೊ ಅವರೇ ತೆಗೆದು ತಂದರೆ ಸಾಕು, ಅದೇ ದಾಖಲೆ. ಈವರೆಗೆ 900ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳನ್ನು ಗುಜರಾತಿನ ಮೀನುಗಾರರು ಹೀಗೆ ಬಿಟ್ಟಿದ್ದಾರೆ. ಒಂದು ಕಾಲದಲ್ಲಿ ಬ್ಯಾರಲ್ ಕಟ್ಟಿ ಬೇಟೆಯಾಡಿದ ಊರುಗಳವರೇ ಅವರು. ನಾಟಕ ಮನಸ್ಸು ಬದಲಿಸಿತು, ಪರಿಹಾರ ಕೈ ಬದಲಿಸಿತು. ಎರಡೂ ಬೇಕಿತ್ತು.

ಇಲ್ಲಿ ಒಂದು ಎಚ್ಚರಿಕೆ. ಮೊದಲನೇ ಪರಿಚ್ಛೇದದ ಜೀವಿಯನ್ನು ಹಿಡಿದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25,000 ರೂಪಾಯಿ ದಂಡ. 2022ರ ತಿದ್ದುಪಡಿಯ ನಂತರ ಕಾಯ್ದೆಯ ಪಟ್ಟಿಗೆ ಇನ್ನಷ್ಟು ಶಾರ್ಕ್, ತೊರಕೆ ಜಾತಿಗಳು ಸೇರಿವೆ. ಹಾಗಾಗಿ ಯಾರದೋ ಬೋಟಿನಲ್ಲಿ ಬಂದ ಮೀನಿನ ಫೋಟೊ ತೆಗೆದು, ಬೋಟಿನ ನಂಬರ್ ಸಮೇತ ಇನ್‌ಸ್ಟಾಗ್ರಾಮ್‌ಗೆ ಹಾಕಬೇಡಿ. ಮರುದಿನದಿಂದ ಆ ದಕ್ಕೆಯಲ್ಲಿ ಯಾರೂ ನಿಮ್ಮೊಂದಿಗೆ ಮಾತಾಡುವುದಿಲ್ಲ. ತಪ್ಪಿ ಬಲೆಗೆ ಬಿದ್ದದ್ದನ್ನು ಹೆದರಿ ಕದ್ದು ಸಾಗಿಸುವ ಹಾಗಾಗಬಾರದು. ಧೈರ್ಯವಾಗಿ ಹೇಳಿ, ಜೀವ ಇದ್ದರೆ ಬಿಡುವ ಹಾಗಾಗಬೇಕು.

ಸರಿ, ಹಾಗಾದರೆ ನೀವು ಮಾಡುವುದೇನು? ನನ್ನ ಸಲಹೆ: ಒಂದು ವರ್ಷ ದಕ್ಕೆಗೆ ಹೋಗಿ, ನೋಡಿ, ಬರೆದಿಡಿ. ವಾರಕ್ಕೊಮ್ಮೆ ಸಾಕು, ತಪ್ಪಿಸಬಾರದು ಅಷ್ಟೇ. ಯಾವ ಜಾತಿ, ಎಷ್ಟು ಉದ್ದ, ಗಂಡೋ ಹೆಣ್ಣೋ, ಯಾವ ಬಗೆಯ ಬಲೆ, ಎಷ್ಟು ಆಳದಲ್ಲಿ ಹಾಕಿದ್ದು. ಗಂಡು ಹೆಣ್ಣು ಗುರುತಿಸುವುದು ಸುಲಭ. ಹೊಟ್ಟೆಯ ಕೆಳಗಿನ ರೆಕ್ಕೆಗಳ ಒಳಬದಿಯಲ್ಲಿ ಎರಡು ಬೆರಳಿನಂಥ ಭಾಗಗಳಿದ್ದರೆ ಗಂಡು. ಅವು ಗಟ್ಟಿಯಾಗಿದ್ದರೆ ಪ್ರಾಯಕ್ಕೆ ಬಂದದ್ದು, ಮೆತ್ತಗಿದ್ದರೆ ಎಳೆಯದು.

ಇನ್ನೊಂದನ್ನು ನೋಡಿ. ಸಣ್ಣ ಶಾರ್ಕ್ ಒಂದನ್ನು ಅಂಗಾತ ಮಲಗಿಸಿ, ಎದೆಯ ಎರಡು ರೆಕ್ಕೆಗಳ ನಡುವೆ ಬೆರಳಾಡಿಸಿ. ಸಣ್ಣ ಸೀಳಿನಂಥ ಗಾಯ ಕಾಣಿಸಿದರೆ ಅದು ಹೊಕ್ಕುಳ. ಹೌದು, ಎಷ್ಟೋ ಶಾರ್ಕ್‌ಗಳ ಮರಿಗಳು ತಾಯಿಯ ಹೊಟ್ಟೆಯಲ್ಲಿ ಹೊಕ್ಕುಳಬಳ್ಳಿಯಿಂದಲೇ ಬೆಳೆಯುತ್ತವೆ. ಹುಟ್ಟಿದ ಕೆಲವು ವಾರಗಳಲ್ಲಿ ಆ ಸೀಳು ಮುಚ್ಚಿಕೊಳ್ಳುತ್ತದೆ. ಅದು ತೆರೆದೇ ಇದ್ದರೆ ಮರಿ ಈಗಷ್ಟೇ ಹುಟ್ಟಿದ್ದು, ಹುಟ್ಟಿದ ಜಾಗವೂ ದೂರ ಇಲ್ಲ ಎಂದರ್ಥ. ಒಂದೇ ಬುಟ್ಟಿಯಲ್ಲಿ ತೆರೆದ ಹೊಕ್ಕುಳಿನ ಸುತ್ತಿಗೆ ತಲೆ ಶಾರ್ಕ್ (ಹ್ಯಾಮರ್‌ಹೆಡ್) ಮರಿಗಳು ಹತ್ತಾರು ಸಿಕ್ಕರೆ, ಆ ಬಲೆ ಬಿದ್ದದ್ದು ಅವುಗಳ ತೊಟ್ಟಿಲಿನಲ್ಲೇ. ಯಾವ ತಿಂಗಳು, ಯಾವ ಜಾಗ ಎಂಬ ಈ ಮಾಹಿತಿ ವರ್ಷಪೂರ್ತಿ ಬರೆದಿಟ್ಟರೆ ಚಿನ್ನದಂಥದ್ದು. ನಿಮ್ಮ ಮಾವನಂಥವರಿಗೆ ಇದರಲ್ಲಿ ಅರ್ಧ ಈಗಾಗಲೇ ಗೊತ್ತಿರುತ್ತದೆ. ಕೇಳಿ ಬರೆದುಕೊಳ್ಳಿ, ಅವರ ಹೆಸರು ಹಾಕಲು ಒಪ್ಪಿಗೆ ಇದ್ದರೆ ಹೆಸರನ್ನೂ ಬರೆಯಿರಿ.

ಬರೆದಿಟ್ಟ ಮೇಲೆ ಕೇಳುವುದು. ಯಾರನ್ನು? ತೀರದಿಂದ 12 ನಾಟಿಕಲ್ ಮೈಲಿವರೆಗೆ ಮೀನುಗಾರಿಕೆಯ ನಿಯಮ ಮಾಡುವುದು ರಾಜ್ಯ ಸರ್ಕಾರ, 1986ರ ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಕಾಯ್ದೆಯಡಿ. ಅದರಾಚೆ ಕೇಂದ್ರ ಸರ್ಕಾರ. ಶಾರ್ಕ್ ಮರಿಗಳು ಹೆಚ್ಚಾಗಿ ತೀರಕ್ಕೆ ಹತ್ತಿರದ ಕಡಿಮೆ ಆಳದಲ್ಲಿ ಇರುವುದರಿಂದ ನೀವು ಹೋಗಬೇಕಾದದ್ದು ರಾಜ್ಯದ ಮೀನುಗಾರಿಕೆ ಇಲಾಖೆಗೆ. ಗ್ರಾಮ ಪಂಚಾಯಿತಿಯಿಂದ ಠರಾವು ಮಾಡಿಸಿದರೆ ಫೋಟೊ ಚೆನ್ನಾಗಿ ಬರುತ್ತದೆ, ಟೊರೊಂಟೊದಲ್ಲಿ ಆದದ್ದೇ ಆಗುತ್ತದೆ. ಇಲಾಖೆಗೆ ಹೋಗುವ ಮೊದಲು ಬೋಟ್ ಮಾಲೀಕರ ಸಂಘದ ಬಳಿ ಹೋಗಿ, ಅವರ ಜೊತೆಗೇ ಹೋಗುವಂತಾದರೆ ಇನ್ನೂ ಒಳ್ಳೆಯದು.

ಏನು ಕೇಳುವುದು? 'ಶಾರ್ಕ್ ಉಳಿಸಿ' ಎಂದು ಕೇಳಬೇಡಿ, ಅದಕ್ಕೆ ಯಾರೂ ಇಲ್ಲ ಎನ್ನುವುದಿಲ್ಲ, ಏನೂ ಮಾಡುವುದೂ ಇಲ್ಲ. ಸಾಧ್ಯವಿರುವ ಒಂದನ್ನು ಹಿಡಿಯಿರಿ. ಉದಾಹರಣೆಗೆ ಗಿಟಾರ್ ಮೀನುಗಳು. ಶಾರ್ಕ್‌ನ ಹತ್ತಿರದ ಬಳಗ, ಮರಳಿನ ತಳದಲ್ಲಿ ಬದುಕುವಂಥವು. ತಲೆಯ ಮೇಲಿನ ರಂಧ್ರಗಳಿಂದ ನೀರು ಎಳೆದುಕೊಂಡು ಮಲಗಿದಲ್ಲೇ ಉಸಿರಾಡಬಲ್ಲವು, ಹಾಗಾಗಿ ಬೋಟ್ ಎಳೆದೊಯ್ಯುವ ಟ್ರಾಲ್ ಬಲೆ ಮೇಲೆ ಬಂದಾಗಲೂ ಎಷ್ಟೋ ಸಲ ಜೀವ ಇರುತ್ತದೆ. ತಕ್ಷಣ ನೀರಿಗೆ ಬಿಟ್ಟರೆ ಬದುಕುವ ಅವಕಾಶ ಇದೆ. ಸುತ್ತಿಗೆ ತಲೆ ಶಾರ್ಕ್ ಹಾಗಲ್ಲ, ಬಲೆಯಲ್ಲಿ ಬೇಗ ಸಾಯುತ್ತದೆ. ಅದನ್ನು ಬಿಡಿ ಎಂದು ಕೇಳಿ ಪ್ರಯೋಜನ ಕಡಿಮೆ, ಅದರ ಮರಿಗಳಿರುವ ಜಾಗಕ್ಕೆ ಆ ತಿಂಗಳುಗಳಲ್ಲಿ ಬಲೆ ಹೋಗಬಾರದು. ಎರಡಕ್ಕೂ ಬೇರೆ ಬೇರೆ ಬೇಡಿಕೆ. ನಿಮ್ಮ ದಾಖಲೆ ಇಲ್ಲದೆ ಎರಡನೆಯದನ್ನು ಕೇಳಲು ಆಗುವುದೇ ಇಲ್ಲ.

ಮನೆಯ ತಾಟೆ ಸಾರಿನ ವಿಷಯ. ಅಮ್ಮನಿಗೆ ಉಪದೇಶ ಮಾಡುವುದರಿಂದ ಶುರು ಮಾಡಬೇಡಿ. ಪಶ್ಚಿಮ ಕರಾವಳಿಯ ಮಾರುಕಟ್ಟೆಯಲ್ಲಿ ಜಾಸ್ತಿ ಕಾಣುವುದು ಸನಿಕೆ ಮೂತಿಯ ಚಿಕ್ಕ ಶಾರ್ಕ್, ಒಂದೆರಡು ವರ್ಷದಲ್ಲೇ ಪ್ರಾಯಕ್ಕೆ ಬರುವಂಥದ್ದು. ಅದನ್ನೂ ದೊಡ್ಡ ಜಾತಿಯ ಮರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಎರಡನ್ನೂ ಬೇರೆ ಮಾಡಿ ಗುರುತಿಸಲು ಅಮ್ಮನಿಗೆ, ಮೀನು ಮಾರುವ ಹೆಂಗಸರಿಗೆ ಕಲಿಸಿ. ಒಂದು ಮಾತು ಮಾತ್ರ ಧೈರ್ಯವಾಗಿ ಹೇಳಬಹುದು. ಬಾಣಂತಿಗೆ ಶಾರ್ಕ್ ಒಳ್ಳೆಯದು ಎಂಬ ನಂಬಿಕೆ ನಮ್ಮ ಕರಾವಳಿಯ ಹಲವು ಕಡೆ ಇದೆ, ಶಾರ್ಕ್ ಮಾಂಸ ಪುಡಿ ಮಾಡಿ ಹುರಿಯುವ ತಮಿಳುನಾಡಿನ ಸುರಾ ಪುಟ್ಟು ಕೂಡ ಅದಕ್ಕೇ ಹೆಸರಾದದ್ದು. ಆದರೆ ದೊಡ್ಡ ಶಾರ್ಕ್‌ಗಳ ಮಾಂಸದಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ. ಬಸಿರಿಯರು, ಹಾಲೂಡಿಸುವವರು, ಚಿಕ್ಕ ಮಕ್ಕಳು ಶಾರ್ಕ್ ತಿನ್ನಬಾರದು ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಸ್ಪಷ್ಟವಾಗಿ ಹೇಳುತ್ತದೆ. ಶಾರ್ಕ್ ಮೇಲೆ ಪ್ರೀತಿ ಇಲ್ಲದವರೂ ಈ ಮಾತು ಕೇಳುತ್ತಾರೆ.

ಮಾಂಸದ ಬಗ್ಗೆ ಕೆಲಸ ಮಾಡುವುದಾದರೆ ಮನೆಯ ಒಲೆಗಿಂತ ಹೋಟೆಲ್ ಒಳ್ಳೆಯ ಜಾಗ. ಸಮುದ್ರ ಸಂರಕ್ಷಣಾ ವಿಜ್ಞಾನಿ ದಿವ್ಯಾ ಕಾರ್ನಾಡ್ ಶುರು ಮಾಡಿದ 'ಇನ್‌ಸೀಸನ್ ಫಿಶ್' ಎಂಬ ಅಭಿಯಾನ ಯಾವ ತಿಂಗಳಲ್ಲಿ ಯಾವ ಮೀನು ತಿಂದರೆ ಸಮುದ್ರಕ್ಕೆ ಹೊರೆ ಕಡಿಮೆ ಎಂದು ಗ್ರಾಹಕರಿಗೆ, ಬಾಣಸಿಗರಿಗೆ ತಿಳಿಸುತ್ತದೆ. ಶಾರ್ಕ್ ಮತ್ತು ಮೀನುಗಾರರ ನಡುವಿನ ಅವರ ಕೆಲಸಕ್ಕೆ 2019ರಲ್ಲಿ ಫ್ಯೂಚರ್ ಫಾರ್ ನೇಚರ್ ಪ್ರಶಸ್ತಿ ಬಂತು. ಪ್ರವಾಸಿಗರು ಬರುವ ಹತ್ತು ಹೋಟೆಲ್‌ಗಳು ಮೆನುವಿನಿಂದ ಶಾರ್ಕ್ ತೆಗೆದರೆ ಯಾವ ಮೀನುಗಾರನ ಊಟಕ್ಕೂ ಕಲ್ಲು ಬೀಳುವುದಿಲ್ಲ.

ಜಾತಿ ಗುರುತಿಸಲು ಮೊದಮೊದಲು ಕಷ್ಟವಾಗುತ್ತದೆ. ಮಂಗಳೂರಿನಲ್ಲಿ 1969ರಲ್ಲೇ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಇದೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ನಿಮ್ಮ ಪ್ರಾಧ್ಯಾಪಕರ ಮೂಲಕ ಪತ್ರ ಬರೆದು ಒಂದು ದಿನದ ತರಬೇತಿ ಕೇಳಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರೀಕೃತ ಬೋಟ್‌ಗಳಿಗೆ ರಜೆ, ಬಲೆ ರಿಪೇರಿ ಮಾಡುತ್ತ ಎಲ್ಲರೂ ಊರಲ್ಲೇ ಇರುತ್ತಾರೆ. ಮಾತಾಡಲು ಅದೇ ಸರಿಯಾದ ಸಮಯ. ಆಗಸ್ಟ್‌ನಲ್ಲಿ ಬೋಟ್ ಇಳಿಯುವಾಗ ನಿಮ್ಮ ಪುಸ್ತಕವೂ ಶುರುವಾಗಲಿ. ಫೋಟೊ ತೆಗೆಯುವಾಗ ಮೀನಿನ ಪಕ್ಕಕ್ಕೆ ಅಳತೆಪಟ್ಟಿ ಇಡಿ. ಒಂದು ಫೋಟೊ ಇಡೀ ದೇಹದ್ದು, ಒಂದು ತಲೆಯ ಕೆಳಭಾಗದ್ದು, ಒಂದು ಬೆನ್ನಿನ ರೆಕ್ಕೆಯದು. ಹರಾಜು ಮುಗಿಯುವವರೆಗೆ ಮಾತ್ರ ಮೀನು ಮುಟ್ಟಬೇಡಿ, ಕೊಂಡವರನ್ನು ಕೇಳಿ ಆಮೇಲೆ ಅಳೆಯಿರಿ.